ನಾಲ್ಕು ನೆಲದ ಮನೆಗೆ ಒಂದು ಯಂತ್ರ

ಇವತ್ತು ಬೆಳಿಗ್ಗೆ ಕಸದ ಡಬ್ಬಿ ಕೊಡವುವಾಗ ಒಂದು ಗುಂಡಿ ಸಿಕ್ಕಿತು. ಅಂಗಿಯ ಗುಂಡಿ, ಬೂದು ಬಣ್ಣದ್ದು, ನಾಲ್ಕು ತೂತಿನದು. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದಾಗ ನಾನು ತೊಡುತ್ತಿದ್ದ ಸಮವಸ್ತ್ರದ್ದು. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಅಷ್ಟೂ ದಿನ ಅದು ಯಾವುದೋ ಕಪಾಟಿನ ಕೆಳಗೆ ನನಗಿಂತ ಆರಾಮಾಗಿ ಮಲಗಿತ್ತೆಂದು ಕಾಣುತ್ತದೆ.

ಡಬ್ಬಿ ಎಂದರೆ ಅಡಿಗೆಮನೆಯ ಮೂಲೆಯಲ್ಲಿಡುವ ಡಬ್ಬಿ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ತನ್ನಷ್ಟಕ್ಕೆ ತಾನೇ ಓಡಾಡಿ ಕಸ ಎಳೆದುಕೊಳ್ಳುವ, ನೆಲ ಒರೆಸುವ ದುಂಡು ಯಂತ್ರವೊಂದಿದೆ. ಅದರ ಹೊಟ್ಟೆಯೊಳಗಿನ ಡಬ್ಬಿ. ಅದನ್ನು ದಿನಾ ಕೊಡವುವುದು ನನ್ನ ಪಾಲಿನ ಕೆಲಸ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಕಸಬರಿಗೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂದು ಸರಿಯಾಗಿ ತಿಳಿಯದವನಿಗೆ ಈ ಕೆಲಸ ಹೇಗೆ ಬಂತೆಂದು ನೀವು ಕೇಳಬಹುದು. ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ನನಗೂ ಅದೇ ನೆನಪಾಯಿತು.

ಮೊದಲು ಮಾದೇವಿಯ ವಿಷಯ ಹೇಳಬೇಕು. ಇಂಡಿ ಕಡೆಯವಳು. ಪುಣೆಗೆ ಬಂದು ಧನಕವಡಿಯಲ್ಲಿ ಮಗಳ ಜೊತೆ ಇದ್ದಾಳೆ. ಹತ್ತೊಂಬತ್ತು ವರ್ಷದಿಂದ ಸದಾಶಿವ ಪೇಠದ ನಮ್ಮ ಮನೆಯ ಕಸ ಹೊಡೆದು ನೆಲ ಒರೆಸುತ್ತಿರುವವಳು ಅವಳೇ. ನನಗೆ ‘ಅಣ್ಣಾರ’ ಎನ್ನುತ್ತಾಳೆ, ನನ್ನ ಹೆಂಡತಿ ಇಂದಿರೆಗೆ ‘ವೈನಿ’ ಎನ್ನುತ್ತಾಳೆ. ಊರಿನ ಕನ್ನಡ ಕಿವಿಗೆ ಬೀಳಲಿ ಎಂದೇ ಇಂದಿರಾ ಅವಳನ್ನು ಮೊದಲು ಕೆಲಸಕ್ಕೆ ಇಟ್ಟುಕೊಂಡಿದ್ದು. ಆಮೇಲೆ ಅವಳಿಲ್ಲದೆ ನಮ್ಮ ಬೆಳಗಾಗುವುದು ನಿಂತುಹೋಯಿತು.

ಹೋದ ವರ್ಷ ಒಂದು ಬೆಳಿಗ್ಗೆ ನಾನು ಪೇಪರು ಓದುತ್ತಿದ್ದೆ. ಸೋಫಾದ ಹಿಂದೆ ಕಸಬರಿಗೆಯ ಸದ್ದು ನಿಂತಿತು. ಬಹಳ ಹೊತ್ತಾದರೂ ಮತ್ತೆ ಬರಲಿಲ್ಲ. ಬಗ್ಗಿ ನೋಡಿದರೆ ಮಾದೇವಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಕೈ ಗೋಡೆಗೆ ಊರಿ, ಕಣ್ಣು ಮುಚ್ಚಿಕೊಂಡಿದ್ದಳು. ಏಳಲು ಆಗುತ್ತಿರಲಿಲ್ಲ.

“ಏನಾತು ಮಾದೇವಿ?”

“ಏನಿಲ್ರಿ ಅಣ್ಣಾರ. ಇದೊಂದು ಮೂಲಿ ಉಳದದ, ಹೊಡದ ಏಳತೀನಿ.”

ಅವಳು ಏಳಲಿಲ್ಲ. ನಾನು, ಇಂದಿರಾ ಇಬ್ಬರೂ ಕಂಕುಳಿಗೆ ಕೈಕೊಟ್ಟು ಎತ್ತಿದೆವು. ಎತ್ತುವಾಗಲೂ ಅವಳು ಕಸಬರಿಗೆ ಬಿಟ್ಟಿರಲಿಲ್ಲ. ಡಾಕ್ಟರು ಸೊಂಟದ ಮಣಿ ಸರಿದಿದೆ ಎಂದರು. ಬಗ್ಗಬಾರದು, ಕುಕ್ಕರುಗಾಲಲ್ಲಿ ಕೂಡಬಾರದು, ಭಾರ ಎತ್ತಬಾರದು. ನಿಲ್ಲಬಹುದು, ನಡೆಯಬಹುದು. ಈ ಸುದ್ದಿ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿದ್ದೇ ತಡ, ಅವಳು ಕೆಲಸಕ್ಕೆ ಹೋಗುತ್ತಿದ್ದ ಮೇಲಿನ ಮಜಲಿನ ಜೋಶಿ ಕಾಕೂ ಬೇರೆ ಹೆಂಗಸನ್ನು ಗೊತ್ತುಮಾಡಿಕೊಂಡರು. ಹಿಂದಿನ ಓಣಿಯ ಇನ್ನೊಂದು ಮನೆಯವರೂ ಹಾಗೆಯೇ ಮಾಡಿದರು. ಮಾದೇವಿಗೆ ಉಳಿದದ್ದು ನಮ್ಮ ಮನೆ ಒಂದೇ.

“ನೀ ಕಾಯಿಪಲ್ಯೆ ಹೆಚ್ಚು, ಅರಿವಿ ಮಡಚು, ನನ್ನ ಕೂಡ ನಾಕು ಮಾತಾಡು. ಕಸ ನಾ ಹೊಡಿತೀನಿ” ಎಂದಳು ಇಂದಿರಾ.

“ನಿಮ್ಮ ಮೊಣಕಾಲ ಏನು ಗಟ್ಟಿ ಅದಾವೇನ್ರಿ ವೈನಿ? ಇಬ್ರೂ ಬೀಳೂಣು ಅಂತೀರೇನು? ನಾ ಬಂದಿದ್ದು ನೆಲದ ಕೆಲಸಕ್ಕ. ಅದ ಆಗಂಗಿಲ್ಲ ಅಂದ್ರ ಬರೂದ ಬಿಡ್ತೀನಿ” ಎಂದಳು ಮಾದೇವಿ.

ಅವಳು ಬಿಡಬಾರದು, ಬಗ್ಗಲೂಬಾರದು. ಇಂದಿರಾ ಒರೆಸಬಾರದು. ನೆಲ ಮಾತ್ರ ಒರೆಸಿರಬೇಕು. ಈ ನಾಲ್ಕೂ ಒಟ್ಟಿಗೆ ನಡೆಯಬೇಕಾದರೆ ಯಂತ್ರವೇ ದಾರಿ ಎಂದು ಅವತ್ತು ಊಟಕ್ಕೆ ಕುಳಿತಾಗ ನಾನು ಘೋಷಿಸಿದೆ. ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಯಂತ್ರ ಖರೀದಿ ಮಾಡಿದವನು ನಾನು. ಒಂದು ಬೇರಿಂಗ್ ಕೊಳ್ಳಬೇಕಾದರೂ ಮೂರು ಕಡೆ ವಿಚಾರಿಸಿ, ತುಲನೆಯ ಕೋಷ್ಟಕ ಹಾಕಿ, ಕೆಳಗೆ ಸಹಿ ಮಾಡುತ್ತಿದ್ದವನು. ಕಸ ಹೊಡೆಯುವ ಯಂತ್ರ ಯಾವ ಮಹಾ! ಇಂದಿರಾ ಸಾರು ಬಡಿಸುತ್ತ, “ಮನಿಗೆ ಮಿಕ್ಸರ್ ತಂದಾಗೂ ಹಿಂಗ ಅಂದಿದ್ರಿ” ಎಂದಳಷ್ಟೆ. ಆ ಮಿಕ್ಸರಿನ ಕಥೆ ಇಲ್ಲಿ ಬೇಡ.

ಮರುದಿನವೇ ಅಂಗಡಿಗೆ ಹೋದೆ. ಅಲ್ಲಿ ಕನ್ನಡಕ ಹಾಕಿಕೊಂಡ, ನಲವತ್ತು ದಾಟಿದ ಸೇಲ್ಸ್‌ಮನ್ ಒಬ್ಬರಿದ್ದರು. ನಾನು ಬಂದ ಕಾರಣ ಕೇಳಿ, “ಕಾಕಾ, ಫ್ಲೋರ್ ಕುಠಲಾ?” ಎಂದರು.

“ದುಸರಾ” ಎಂದೆ. ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ ಎಂಬುದನ್ನೂ ಸೇರಿಸಿದೆ.

ಅವರು ನಗು ತಡೆದುಕೊಂಡು, “ಮಜಲಾ ನಾಹೀ ಹೋ ಕಾಕಾ, ಫರಶೀ!” ಎಂದರು. ಯಾವ ಮಹಡಿ ಎಂದಲ್ಲ, ಮನೆಗೆ ಹಾಸಿದ ನೆಲ ಯಾವುದು ಎಂದು ಅವರು ಕೇಳಿದ್ದು. ಕಲ್ಲೋ, ಟೈಲ್ಸೋ, ಮರವೋ? ಹೊಸ್ತಿಲು ಎಷ್ಟು ಎತ್ತರ? ಜಮಖಾನೆ ಹಾಸಿದ್ದೀರೋ? ನೆಲಕ್ಕೆ ತಕ್ಕಂತೆ ಯಂತ್ರವಂತೆ. ಇಪ್ಪತ್ತಾರು ವರ್ಷ ತುಳಿದ ನೆಲದ ಬಣ್ಣ ನನಗೆ ನೆನಪಿಗೆ ಬರಲಿಲ್ಲ. ನಗಬೇಡಿ. ಈ ಓದನ್ನು ಇಲ್ಲೇ ನಿಲ್ಲಿಸಿ, ಕೆಳಗೆ ನೋಡದೆ ನಿಮ್ಮ ಮಲಗುವ ಕೋಣೆಯ ನೆಲ ಹೇಗಿದೆ ಎಂದು ಹೇಳಿ ನೋಡೋಣ.

ಮನೆಗೆ ಬಂದು ಅಳತೆಯ ಟೇಪು ಹಿಡಿದು ಅಂಬೆಗಾಲಿಟ್ಟೆ. ನಮ್ಮದು ಹಳೆಯ ವಾಡೆ ಕೆಡವಿ ಕಟ್ಟಿದ ಕಟ್ಟಡ. ಕೈಯಲ್ಲಿ ಅನುಕೂಲವಾದಾಗಲೆಲ್ಲ ಒಂದೊಂದು ಕೋಣೆ ರಿಪೇರಿ ಮಾಡಿಸಿದ್ದು. ಹಾಗಾಗಿ ನಮ್ಮ ನೆಲಕ್ಕೆ ಒಂದು ಕುಲವಿಲ್ಲ. ಹಾಲಿನಲ್ಲಿ ಮೂಲದ ಮೊಸಾಯಿಕ್, ಕೆಲವು ಕಡೆ ಪಾಲಿಶ್ ಹೋಗಿ ಒರಟು. ಅಡಿಗೆಮನೆಯಲ್ಲಿ ಕಪ್ಪು ಕಡಪಾ ಕಲ್ಲು, ಸಂದುಗಳು ಅಗಲ. ನಮ್ಮ ಮಲಗುವ ಕೋಣೆಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸು. ಮಗಳು ಮದುವೆಗೆ ಮೊದಲು ಹಠ ಹಿಡಿದು ತನ್ನ ಕೋಣೆಗೆ ಹಾಕಿಸಿಕೊಂಡದ್ದು ಮರದ ಹಲಗೆಯಂಥ ನೆಲ. ಅದಕ್ಕೆ ನೀರು ಹೆಚ್ಚಾದರೆ ಉಬ್ಬುತ್ತದೆ. ಇದಲ್ಲದೆ ಹಾಲಿನ ನಡುವೆ ಇಂದಿರೆಯ ತವರಿನವರು ಕೊಟ್ಟ ನವಲಗುಂದದ ಜಮಖಾನೆ. ಮೊಣಕಾಲೂರಿಕೊಂಡು ಹಾಲ್ ದಾಟುವಷ್ಟರಲ್ಲಿ ನನಗೆ ಏದುಸಿರು ಬಂತು. ಮಾದೇವಿ ಇದನ್ನೇ ದಿನಾ, ಒದ್ದೆ ಬಟ್ಟೆ ಎಳೆಯುತ್ತ ಮಾಡುತ್ತಿದ್ದಳು.

ನೆಲಕ್ಕೆ ಮುಖ ಅಷ್ಟು ಹತ್ತಿರವಾದಾಗ ಅಥಣಿಯ ನಮ್ಮ ಮನೆ ನೆನಪಾಯಿತು. ಅಲ್ಲಿ ಮಣ್ಣಿನ ನೆಲ. ಅವ್ವ ವಾರಕ್ಕೊಮ್ಮೆ ಸಗಣಿ ಕಲಸಿ ಸಾರಿಸುತ್ತಿದ್ದಳು. ಒಳಗಿನ ಗೋಡೆಯಿಂದ ಶುರುಮಾಡಿ, ಅಂಗೈಯನ್ನು ಅರ್ಧ ಚಂದ್ರದಂತೆ ಬಳಸುತ್ತ, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುತ್ತಿದ್ದಳು. ಹಸಿ ನೆಲದ ವಾಸನೆ ನನಗೆ ಬಹಳ ಇಷ್ಟ. ನಾವು ಮಕ್ಕಳು ಆರುವ ತನಕ ಹೊರಗೆ ಕಾಯಬೇಕು. ನಾನು ಕಾಯುವವನಲ್ಲ. ಒಂದು ಸಲ ಗೋಲಿ ತರಬೇಕೆಂದು ಹಸಿ ನೆಲದ ಮೇಲೆ ಓಡಿ ಹೋಗಿ, ಹೋದ ದಾರಿಯಲ್ಲೇ ಓಡಿ ಬಂದೆ. ಅವ್ವ ಬೈಯಲಿಲ್ಲ. ಒಗೆಯಲು ಹೊರಟಿದ್ದವಳು ಸೀರೆ ಸಿಕ್ಕಿಸಿಕೊಂಡು ಮತ್ತೆ ಮೊಣಕಾಲೂರಿದಳು; ನನ್ನ ಒಂದೊಂದು ಹೆಜ್ಜೆಯ ಮೇಲೂ ಅಂಗೈ ಆಡಿಸುತ್ತ ಬಂದಳು. ಅವಳ ಮೊಣಕಾಲಿನ ಚರ್ಮ ಕಪ್ಪಾಗಿ ಗಡುಸಾಗಿದ್ದು ಕಂಡಿದ್ದೆ. ಎಲ್ಲರ ಅವ್ವಂದಿರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ‘ನೀ ಏಳವ್ವ, ನಾ ಮಾಡತೀನಿ’ ಎಂದು ಒಂದೇ ಒಂದು ದಿನ ಹೇಳಿದ್ದರೆ ಏನಾಗುತ್ತಿತ್ತು? ಹೇಳಲಿಲ್ಲ. ಅವ್ವ ಈಗಿಲ್ಲ. ಆ ಮಧ್ಯಾಹ್ನ ಸೋಫಾದ ಕೆಳಗೆ ತಲೆ ಹಾಕಿಕೊಂಡು ಬಿದ್ದಿದ್ದಾಗ, ಈ ಯಂತ್ರದ ಕೆಲಸ ಮಾತ್ರ ಅರ್ಧಕ್ಕೆ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಇಷ್ಟೆಲ್ಲ ಗಟ್ಟಿ ಮಾಡಿಕೊಂಡವನು ಮಾದೇವಿಗೆ ಒಂದು ಮಾತು ಹೇಳುವುದನ್ನೇ ಮರೆತಿದ್ದೆ. ಯಂತ್ರಗಳನ್ನು ತುಲನೆ ಮಾಡಿದ ನನ್ನ ಕೋಷ್ಟಕ ಮೇಜಿನ ಮೇಲಿತ್ತು. ಅದರ ಜೊತೆ ಅಂಗಡಿಯವರು ಕೊಟ್ಟ ಚಿತ್ರದ ಹಾಳೆ. ಅವಳಿಗೆ ಓದಲು ಬಾರದಿದ್ದರೇನು, ಚಿತ್ರದಲ್ಲಿ ಯಂತ್ರ ನೆಲ ಒರೆಸುತ್ತಿತ್ತು, ಪಕ್ಕದಲ್ಲಿ ಹೆಂಗಸೊಬ್ಬಳು ಸೋಫಾದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ಮಾದೇವಿ ಅದನ್ನು ನೋಡಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ.

ಮೂರನೆಯ ದಿನ ಸ್ಕೂಟರಿನಲ್ಲಿ ಧನಕವಡಿಗೆ ಹೋದೆ. ಒಂದೇ ಕೋಣೆಯ ಮನೆ. ಮಾದೇವಿ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಗೋಡೆ ಹಿಡಿದು.

“ಒಳಗ ಬರ್ರಿ ಅಣ್ಣಾರ. ಚಾ ಮಾಡಲೇನ್ರಿ?”

“ಚಾ ಆಮ್ಯಾಲೆ. ನೀ ಯಾಕ ಬರಲಿಲ್ಲ?”

“ಮಷೀನು ಬರಾಕತ್ತದಲ್ರಿ. ನಾ ಬಂದು ಏನ್ ಮಾಡ್ಲಿ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಜೋಶಿ ಕಾಕೂ ಬಾಯಿಲೆ ಹೇಳಿದ್ರು. ನೀವು ಚಿತ್ರ ಇಟ್ಟು ಹೇಳಿದ್ರಿ. ಅಷ್ಟ ಫರಕ್ಕು.”

“ತಪ್ಪಾತು ಮಾದೇವಿ. ಮೊದಲ ನಿನ್ನ ಕೇಳಬೇಕಿತ್ತು” ಎಂದೆ. “ಆ ಮಷೀನು ನಿನ್ನ ಬಿಡಸ್ಲಿಕ್ಕೆ ಅಲ್ಲ. ಬಗ್ಗೂ ಕೆಲಸ ಅದು ಮಾಡಲಿ, ಅದನ್ನ ನಡಸೂ ಕೆಲಸ ನೀ ಮಾಡು. ನನಗ ನಮ್ಮ ನೆಲದ ಬಗ್ಗೆ ಏನೂ ಗೊತ್ತಿಲ್ಲ. ಅಂಗಡಿಯವ ಕೇಳಿದ್ರ ಎರಡನೇ ಮಜಲಾ ಅಂದೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದ ಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತಲೇ ಸೊಂಟ ಹಿಡಿದುಕೊಂಡಳು. ಆಮೇಲೆ ಅಕ್ಕಿಯಲ್ಲಿ ಬೆರಳಾಡಿಸುತ್ತ, “ನಾನೂ ಅಂಗಡಿಗೆ ಬರ್ತೀನ್ರಿ” ಎಂದಳು. “ಅದಕ್ಕ ಕೆಲಸ ಬರ್ತದೋ ಇಲ್ಲೋ ನಾ ನೋಡ್ತೀನಿ. ಬರದಿದ್ರ ಬ್ಯಾಡಂತೀನಿ. ಆವಾಗ ನೀವು ತಗೋಬಾರದು.”

“ಆತು” ಎಂದೆ. ಖರೀದಿ ವಿಭಾಗದ ಇಪ್ಪತ್ತೆಂಟು ವರ್ಷದಲ್ಲಿ ನಾನು ಇಷ್ಟು ಬೇಗ ಯಾವ ಷರತ್ತಿಗೂ ಒಪ್ಪಿದವನಲ್ಲ.

ಎರಡು ದಿನ ಬಿಟ್ಟು ರಿಕ್ಷಾ ಮಾಡಿಕೊಂಡು ಇಂದಿರಾ ಸೇರಿ ಮೂವರೂ ಅಂಗಡಿಗೆ ಹೋದೆವು. ನಾನು ಕೋಷ್ಟಕ ತಂದಿದ್ದೆ. ಮಾದೇವಿ ಒಂದು ಕೈಚೀಲ ತಂದಿದ್ದಳು. ಅಲ್ಲಿ ನೆಲದ ಮೇಲೆ ಯಂತ್ರಗಳನ್ನು ಓಡಿಸಿ ತೋರಿಸುವ ಜಾಗವಿತ್ತು. ಒಂದು ಕಡೆ ಟೈಲ್ಸು, ಒಂದು ಕಡೆ ಗಾಲೀಚೆಯ ತುಂಡು. ಸೇಲ್ಸ್‌ಮನ್ ನಾಜೂಕಾಗಿ ನಾಲ್ಕು ಕಾಗದದ ಚೂರು ಉದುರಿಸಿ ಯಂತ್ರ ಬಿಟ್ಟರು. ಅದು ಚೂರುಗಳನ್ನು ನುಂಗಿತು. ನಾನು ತಲೆದೂಗಿದೆ.

“ಇಂಥಾ ಕಸ ಯಾರ ಮನ್ಯಾಗ ಇರ್ತದ್ರಿ?” ಎಂದ ಮಾದೇವಿ ಚೀಲ ಬಿಚ್ಚಿದಳು. ಒಳಗೆ, ಆ ಬೆಳಿಗ್ಗೆ ಮನೆಗೆ ಬಂದಾಗ ಅವಳು ತುಂಬಿಕೊಂಡ ನಮ್ಮ ಮನೆಯ ಕಸವೇ ಇತ್ತು. ಚುರುಮುರಿ, ಉಳ್ಳಾಗಡ್ಡಿಯ ಸಿಪ್ಪೆ, ಗೋದಿಹಿಟ್ಟು, ಇಂದಿರೆಯ ಬಾಚಣಿಗೆಯಿಂದ ತೆಗೆದ ಕೂದಲಿನ ಉಂಡೆ. ಇಂದಿರಾ ನಾಚಿ ಬೇರೆ ಕಡೆ ನೋಡಿದಳು. ಮಾದೇವಿ ಇಂದಿರೆಗೆ ಹೇಳಿ ಅದನ್ನೆಲ್ಲ ಗೋಡೆಯ ಮೂಲೆಗೆ ಸುರಿಸಿದಳು. ಸೇಲ್ಸ್‌ಮನ್ ಮುಖ ಸಣ್ಣದಾಯಿತು.

ಮೊದಲ ಯಂತ್ರ ಅಗ್ಗದ್ದು. ಹಿಟ್ಟನ್ನು ಹರಡಿತು, ಕೂದಲನ್ನು ಕುಂಚಕ್ಕೆ ಸುತ್ತಿಕೊಂಡು ನರಳಿ ನಿಂತಿತು. ಎರಡನೆಯದು ಕಸ ಚೆನ್ನಾಗಿ ತೆಗೆಯಿತು. ಮಾದೇವಿ ಹೆಗಲ ಮೇಲಿನ ಕಪ್ಪು ಶಾಲು ತೆಗೆದು ಅದರ ದಾರಿಗೆ ಹಾಸಿಸಿದಳು. ಯಂತ್ರ ಶಾಲಿನ ಅಂಚಿಗೆ ಬಂದು ನಿಂತು, ಹಿಂದೆ ಸರಿದು, ಮತ್ತೆ ಬಂದು ನಿಂತಿತು.

“ಇದು ಅಂಜ್ತದ್ರಿ. ನಮ್ಮ ಅಡಗಿಮನಿ ಕರೇ ಕಲ್ಲಿಂದು. ಇದು ಒಳಗ ಕಾಲ ಇಡೂದಿಲ್ಲ.”

ಸೇಲ್ಸ್‌ಮನ್ ಆಶ್ಚರ್ಯದಿಂದ ಹೌದೆಂದು ಒಪ್ಪಿಕೊಂಡರು. ಕೆಲವು ಯಂತ್ರಗಳ ಹೊಟ್ಟೆಯ ಕೆಳಗಿನ ಕಣ್ಣಿಗೆ ಕಪ್ಪು ನೆಲ ಹಳ್ಳದಂತೆ ಕಾಣುತ್ತದಂತೆ, ಬಿದ್ದೇನೆಂದು ನಿಂತುಬಿಡುತ್ತವೆ. ನನ್ನ ಕೋಷ್ಟಕದಲ್ಲಿ ಹೀರುವ ಶಕ್ತಿಗೆ, ಬ್ಯಾಟರಿಗೆ, ಸದ್ದಿಗೆ ಒಂದೊಂದು ಸಾಲಿತ್ತು. ಅಂಜಿಕೆಗೆ ಸಾಲು ಇರಲಿಲ್ಲ.

ಮೂರನೆಯದು ಬಹಳ ದುಬಾರಿ. ಅದನ್ನೇ ಕೊಳ್ಳಿರೆಂದು ಅವರು ಒತ್ತಾಯಿಸಿದರು. ಅದು ಶಾಲು ದಾಟಿತು, ನೆಲ ಒರೆಸಿತು, ಒರೆಸುತ್ತ ಹಾಗೇ ಗಾಲೀಚೆಯ ಮೇಲೂ ಹತ್ತಿತು. ಮಾದೇವಿ ಚಪ್ಪಲಿ ಬಿಟ್ಟು ಅಂಗಾಲಿನಿಂದ ಗಾಲೀಚೆ ಮುಟ್ಟಿ ನೋಡಿದಳು. “ತಂಪ ಹತ್ತೇದ. ಜಮಖಾನಿ ದಿನಾ ತೋಯ್ದ್ರ ನಾರ್ತದ್ರಿ ವೈನಿ. ಬ್ಯಾಡ.” ಬೇಡವೆಂದರೆ ಬೇಡ.

ನಾಲ್ಕನೆಯದು ಗಾಲೀಚೆ ಬಂದ ಕೂಡಲೇ ಒರೆಸುವ ಬಟ್ಟೆಯನ್ನು ಸೀರೆ ಎತ್ತಿಕೊಂಡಂತೆ ಮೇಲೆತ್ತಿಕೊಂಡು, ಬರಿ ಕಸ ಹೀರುತ್ತ ದಾಟಿತು. ಮರದ ನೆಲಕ್ಕೆ ನೀರು ಕಡಿಮೆ, ಕಲ್ಲಿಗೆ ಹೆಚ್ಚು ಎಂದು ಕೋಣೆ ಕೋಣೆಗೆ ಬೇರೆ ಬೇರೆ ಹೇಳಿಡಬಹುದಿತ್ತು. ಕಪ್ಪಿಗೆ ಅಂಜಲಿಲ್ಲ. ಕೂದಲು ಸ್ವಲ್ಪ ಸುತ್ತಿಕೊಂಡಿತು. ಅದನ್ನು ಮಾದೇವಿ ಮಾಫ್ ಮಾಡಿದಳು.

“ವಸ್ತ್ರ ಯಾರು ಹಿಂಡಬೇಕ್ರಿ?” ಅದು ಅವಳ ದೊಡ್ಡ ಪ್ರಶ್ನೆ. ಇಷ್ಟು ವರ್ಷ ಅವಳ ಭುಜ ಸವೆದದ್ದು ಅಲ್ಲಿ. ಚಾರ್ಜಿಗೆ ನಿಲ್ಲುವ ಗೂಡಿಗೆ ಹೋದ ಮೇಲೆ ಯಂತ್ರವೇ ತನ್ನ ಬಟ್ಟೆ ತೊಳೆದುಕೊಳ್ಳುತ್ತದೆ ಎಂದು ಸೇಲ್ಸ್‌ಮನ್ ತೋರಿಸಿದರು. ಅವಳು ಅದನ್ನು ಎರಡು ಸಲ ಮಾಡಿಸಿ ನೋಡಿದಳು.

“ಮತ್ತ ಆ ಹೊಲಸ ನೀರಿನ ಡಬ್ಬಿ? ಅದನ ಯಾರು ಎತ್ತಬೇಕು? ಕಸದ ಡಬ್ಬಿ ಯಾರು ಝಾಡಿಸಬೇಕು?”

ಸೇಲ್ಸ್‌ಮನ್ ನನ್ನನ್ನು ನೋಡಿದರು. ಇಂದಿರಾ ನನ್ನನ್ನು ನೋಡಿದಳು. ಮಾದೇವಿ ಮಾತ್ರ ಡಬ್ಬಿಯನ್ನೇ ನೋಡುತ್ತಿದ್ದಳು.

“ನಾನು” ಎಂದೆ.

“ದಿನಾ?”

“ದಿನಾ.”

“ಹಂಗಾದ್ರ ಇದನ್ನ ತಗೋರಿ” ಎಂದಳು ಮಾದೇವಿ.

ಮನೆಗೆ ಬಂದ ಮೊದಲ ದಿನ ಯಂತ್ರ ನಮ್ಮನ್ನೆಲ್ಲ ದಣಿಸಿತು. ಜಮಖಾನೆಯ ಗೊಂಡೆ ನುಂಗಿ ಕೂಗಿಕೊಂಡಿತು. ಮಗಳ ಕೋಣೆಯ ಹೊಸ್ತಿಲು ಹತ್ತಲಾರದೆ ಮೂರು ಸಲ ಹಣೆ ಗುದ್ದಿತು. ನಾನು ಮಾರಾಟದವರಿಗೆ ಪತ್ರ ಬರೆಯಲು ಕಾಗದ ತೆಗೆದೆ. ಅಷ್ಟರಲ್ಲಿ ಮಾದೇವಿ ಗೊಂಡೆಗಳನ್ನು ಒಳಗೆ ಮಡಚಿ ಹೊಲಿಯಲು ಜಮಖಾನೆಯನ್ನು ಮೇಜಿನ ಮೇಲೆ ಹಾಕಿಸಿಕೊಂಡಿದ್ದಳು; ಹೊಸ್ತಿಲಿನ ಎರಡೂ ಬದಿಗೆ ಇಳಿಜಾರಾದ ಮರದ ಪಟ್ಟಿ ಮಾಡಿಸಿಕೊಂಡು ಬನ್ನಿ ಎಂದು ನನ್ನನ್ನು ಬಡಿಗನ ಬಳಿಗೆ ಅಟ್ಟಿದಳು. ಪಟ್ಟಿ ಬಡಿದ ಮೇಲೆ ಯಂತ್ರ ಹೊಸ್ತಿಲು ದಾಟಿತು. ನಾಲ್ಕೂ ನೆಲ ಮುಗಿಸಿ ಗೂಡಿಗೆ ಮರಳಿದಾಗ ಇಂದಿರಾ ಚಪ್ಪಾಳೆ ತಟ್ಟಿದಳು. ಮಾದೇವಿ ಚಪ್ಪಾಳೆ ತಟ್ಟಲಿಲ್ಲ. ಬರಿಗಾಲಲ್ಲಿ ಇಡೀ ಮನೆ ನಡೆದು ಬಂದು, “ಸಂಡಾಸದ ಬಾಗಲ ಹಿಂದ ಬಿಟ್ಟದ” ಎಂದು ಉದ್ದ ಕೋಲಿನ ಮಾಪು ತರಿಸಿಕೊಂಡು, ನಿಂತೇ ಅದನ್ನು ಮುಗಿಸಿದಳು.

ಎರಡು ತಿಂಗಳಲ್ಲಿ ಅವಳ ನಡಿಗೆ ಸುಧಾರಿಸಿತು. ಮೆಟ್ಟಿಲ ಮೇಲೆ ಗೋಡೆ ಹಿಡಿಯುವುದು ಬಿಟ್ಟಳು. ಆ ಹೊತ್ತಿಗೆ ಜೋಶಿ ಕಾಕೂ ಗೊತ್ತುಮಾಡಿಕೊಂಡಿದ್ದ ಹೆಂಗಸು ಹೇಳದೆ ಕೇಳದೆ ಕೆಲಸ ಬಿಟ್ಟಳು. ಒಂದು ದಿನ ಕಾಕೂ ನಮ್ಮ ಯಂತ್ರ ನೋಡಲು ಕೆಳಗೆ ಬಂದರು. ಯಾವುದು ಕೊಳ್ಳಬೇಕೆಂದು ನನ್ನನ್ನು ಕೇಳಿದರು. ನಾನು ಹುಮ್ಮಸ್ಸಿನಿಂದ ಗಂಟಲು ಸರಿಮಾಡಿಕೊಂಡೆ.

ಮಾದೇವಿ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದಳು. “ಕಾಕೂ, ತುಮಚೀ ಫರಶೀ ಮಲಾ ಮಾಹೀತ ಆಹೇ” ಎಂದಳು. ನಿಮ್ಮ ನೆಲ ನನಗೆ ಗೊತ್ತು. ಆಮೇಲೆ ಮರಾಠಿಯಲ್ಲೇ, ಒಂದೂ ಮಾತು ತಡವರಿಸದೆ ಹೇಳಿದಳು: ನಿಮ್ಮದು ಪೂರ್ತಿ ಅಮೃತಶಿಲೆ, ಗಾಲೀಚೆ ಇಲ್ಲ, ಇಷ್ಟು ದೊಡ್ಡ ಯಂತ್ರ ನಿಮಗೆ ಬೇಡ. ಹಾಸಿಗೆಯ ಕೋಣೆಯ ಹೊಸ್ತಿಲು ಎತ್ತರ, ಪಟ್ಟಿ ಬಡಿಸಬೇಕು. ದೇವರ ಕಟ್ಟೆಯ ಬಳಿ ಎಣ್ಣೆ ಚೆಲ್ಲಿರುತ್ತದೆ, ಅಲ್ಲಿಗೆ ಅದನ್ನು ಬಿಡಬಾರದು. “ಯಂತ್ರ ತಂದರೆ ನಡೆಸಲು ನಾನು ಬರುತ್ತೇನೆ. ಬಗ್ಗುವ ಕೆಲಸ ಹೇಳಬಾರದು.”

ಕಾಕೂ ಅವಳನ್ನು ನೋಡಿದರು. ಅವರು ಒಳ್ಳೆಯವರೇ, ಮುಖದಲ್ಲಿ ಸಂಕೋಚ ಕಂಡಿತು. “ನಾಹೀ ಸಾಂಗಣಾರ” ಎಂದರು, ಹೇಳುವುದಿಲ್ಲ ಎಂದು. “ಈಗಲೇ ಮೇಲೆ ಬರುತ್ತೀಯಾ, ನೋಡಲು?”

“ಈಗ ಇಲ್ಲಿ ಕೆಲಸ ಇದೆ. ನಾಳೆ ಬರುತ್ತೇನೆ” ಎಂದಳು ಮಾದೇವಿ.

ಕಾಕೂ ತಲೆಯಾಡಿಸಿ ಹೊರಟರು. ಅವರ ಚಪ್ಪಲಿಯ ಸದ್ದು ಮೆಟ್ಟಿಲೇರಿ ಮರೆಯಾಗುವ ತನಕ ಮಾದೇವಿ ಬಾಗಿಲಲ್ಲಿ ನೆಟ್ಟಗೆ ನಿಂತೇ ಇದ್ದಳು. ಆಮೇಲೆ ಬಾಗಿಲು ಮುಂದೆ ಮಾಡಿ ನನ್ನ ಕಡೆ ತಿರುಗಿದಳು.

“ಏನ್ ನೋಡ್ತೀರಿ ಅಣ್ಣಾರ? ಕುರ್ಚಿ ಎತ್ರಿ, ಮಷೀನು ಬಿಡೂ ಹೊತ್ತಾತು.”

ಎತ್ತಿದೆ.